ಪರಕೀಯರ ಲೇಖನಿ, ಸ್ವಕೀಯರ ಲೇಖನಿ

ಒಂದು ದೇಶವನ್ನು ಕುರಿತು ಪರದೇಶೀಯನೊಬ್ಬನು ಗ್ರಂಥವನ್ನು ಬರೆದಾಗಲೆಲ್ಲ ಆ ದೇಶದ ಜನರಲ್ಲಿ ಎರಡು ಬಗೆಯ ವರ್ತನೆ ತೋರಿಬರುವುದುಂಟು. ಗ್ರಂಥವು ಸ್ತುತಿಪರವಾಗಿದ್ದರೆ ಅದನ್ನು ಸಭೆ ಸಮ್ಮೇಳನಗಳಲ್ಲಿ ಉದಾಹರಿಸಿ, ಮಕ್ಕಳ ಪಾಠಗಳಲ್ಲಿ ಸೇರಿಸಿ, ಪರಕೀಯನೇ ಹೀಗೆ ಹೇಳಿರುವಾಗ ಇನ್ನೇನು ಬೇಕು ಎಂದು ಹಿಗ್ಗುವುದು ಒಂದು. ನಿಂದಾಪರವಾಗಿದ್ದರೆ, ಪರಕೀಯನಿಗೆ ನಮ್ಮ ಮನೆಯ ಮಾತು ಏನು ತಿಳಿದೀತು ಎಂದು ತಳ್ಳಿಬಿಡುವುದು ಇನ್ನೊಂದು. ಒಬ್ಬನೇ ಸಾಕ್ಷಿಯನ್ನು ಅನುಕೂಲದ ಮಾತಾಡಿದಾಗ ಪ್ರಮಾಣಪುರುಷನೆಂದೂ ಪ್ರತಿಕೂಲದ ಮಾತಾಡಿದಾಗ ಸುಳ್ಳುಗಾರನೆಂದೂ ಎಣಿಸುವ ನ್ಯಾಯಸ್ಥಾನವನ್ನು ಯಾರೂ ನ್ಯಾಯಸ್ಥಾನವೆಂದು ಕರೆಯಲಾರರು. ಸಾಹಿತ್ಯದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಬಹುಕಾಲದಿಂದ ಅಂಥ ಪೀಠದ ಮೇಲೆಯೇ ಕುಳಿತಿದ್ದೇವೆ.

ಕನ್ನಡಿಗರಿಗೆ ಸನಿಹವಾದ ಉದಾಹರಣೆಯಿಂದಲೇ ಆರಂಭಿಸುವೆವು. ವಿಜಯನಗರದ ವೈಭವವನ್ನು ವರ್ಣಿಸುವ ಸಂದರ್ಭ ಬಂದಾಗ ನಮ್ಮ ವಾಗ್ಮಿಗಳ ನಾಲಗೆಯ ಮೇಲೆ ಮೊದಲು ಬರುವ ಹೆಸರುಗಳು ಕನ್ನಡ ಕವಿಗಳವಲ್ಲ. 1443ರಲ್ಲಿ ಹೀರಾತಿನ ದೊರೆ ಷಾರುಖನ ರಾಯಭಾರಿಯಾಗಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್, 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸನಾದ ಡೊಮಿಂಗೊ ಪಯಸ್, 1535ರ ಸುಮಾರಿಗೆ ಬರೆದ ನ್ಯೂನಿಜ್ — ಇವರೇ ನಮ್ಮ ಸಾಕ್ಷಿಗಳು. ಪೋರ್ಚುಗೀಸರಿಬ್ಬರ ವೃತ್ತಾಂತಗಳು ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿದ್ದ ಹಸ್ತಪ್ರತಿಯಿಂದ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸೆವೆಲನ ಇಂಗ್ಲಿಷ್ ಗ್ರಂಥದ ಮೂಲಕ ನಮ್ಮ ಕೈಸೇರಿದುವು. ಏಕೀಕರಣದ ಹಂಬಲವನ್ನು ನಾಡಿನಲ್ಲಿ ಬಿತ್ತಿದ ಪೀಳಿಗೆಯು ಈ ಪುಟಗಳಿಂದ ಪಡೆದ ಬಲವು ಅಲ್ಪವಾದುದಲ್ಲ.

ಪಯಸನು ಗುಡ್ಡದ ಮೇಲೆ ನಿಂತು ಪಟ್ಟಣವನ್ನು ನೋಡಿ ಅದನ್ನು ರೋಮಿಗೆ ಹೋಲಿಸಿದ ಸಂಗತಿ ಶಾಲೆಗೆ ಹೋದ ಪ್ರತಿಯೊಬ್ಬ ಕನ್ನಡಿಗನಿಗೂ ವಿದಿತವಾಗಿದೆ. ಅದೇ ಪಯಸನು, ಮಹಾನವಮಿಯ ಕಡೆಯ ದಿನ 250 ಕೋಣಗಳನ್ನೂ 4,500 ಕುರಿಗಳನ್ನೂ ಬಲಿಗೊಟ್ಟರೆಂದು ಬರೆದಿರುವನು. ರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಏರಿಯು ಮತ್ತೆ ಮತ್ತೆ ಒಡೆಯಲು, 60 ಮಂದಿಯ ತಲೆಗಳನ್ನು ಹೊಡೆಸಿದರೆಂದೂ ಹೇಳಿರುವನು. ನ್ಯೂನಿಜನು ಸಹಗಮನದ ಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿರುವನು. ಮುತ್ತುರತ್ನಗಳ ಬೀದಿಯನ್ನು ವರ್ಣಿಸಿದ ಕೈಯೇ ಇದನ್ನೂ ಬರೆಯಿತು. ಆದರೆ ನಮ್ಮ ಉತ್ಸವಗಳ ಭಾಷಣಗಳಲ್ಲಿ ಮೊದಲನೆಯ ಪುಟ ಮಾತ್ರ ಓದಲ್ಪಡುತ್ತದೆ. ಎರಡನೆಯದರ ಮೇಲೆ ಹೆಬ್ಬೆರಳು ಇರುತ್ತದೆ.

ಹಾಗಾದರೆ ನಾಡಿನ ಒಳಗಿನವರು ಏನು ಬರೆದರು? ಕನಕದಾಸರ ಮೋಹನತರಂಗಿಣಿಯಲ್ಲಿ ಬರುವ ದ್ವಾರಕೆಯು ವಾಸ್ತವವಾಗಿ ವಿಜಯನಗರವೇ ಎಂದು ವಿದ್ವಾಂಸರು ತೋರಿಸಿರುವರು. ಕವಿಗೆ ತನ್ನ ಕಾಲದ ರಾಜಧಾನಿಯನ್ನು ಅದರ ಹೆಸರಿನಿಂದ ವರ್ಣಿಸುವ ಅಗತ್ಯ ತೋರಲಿಲ್ಲ. ಓದುವವರು ದಿನವೂ ನೋಡುವ ಪಟ್ಟಣವನ್ನು ಪುರಾಣದ ಪಟ್ಟಣವಾಗಿ ಎತ್ತಿ ತೋರಿಸುವುದೇ ಅವರಿಗೆ ಕಾವ್ಯವಾಗಿತ್ತು. ಪೇಟೆಯಲ್ಲಿ ಏನು ಮಾರುತ್ತಿದ್ದರು, ಅರಮನೆಯ ಬಾಗಿಲಲ್ಲಿ ಎಷ್ಟು ಮಂದಿ ಕಾವಲಿದ್ದರು ಎಂಬುದನ್ನು ಪೇಟೆಗೆ ಹೋಗಿಬರುವವನಿಗೆ ಯಾರು ತಾನೆ ಬರೆದು ತಿಳಿಸುವರು? ಆಸ್ಥಾನದ ಕವಿಗಳು ಕೃಷ್ಣದೇವರಾಯನನ್ನು ಚಂದ್ರನಿಗೂ ಮನ್ಮಥನಿಗೂ ಹೋಲಿಸಿದರು. ಅವನು ನಡುತರದ ಎತ್ತರದವನು, ತುಸು ಸ್ಥೂಲಕಾಯನು, ಅವನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದುವು, ನಸುಕಿನಲ್ಲಿಯೇ ಎದ್ದು ಎಳ್ಳೆಣ್ಣೆಯನ್ನು ಕುಡಿದು ಸಾಮು ಮಾಡುತ್ತಿದ್ದನು ಎಂಬುದನ್ನು ಮಾತ್ರ ನಾವು ಪೋರ್ಚುಗೀಸನಿಂದ ತಿಳಿಯಬೇಕಾಯಿತು. ಈ ಕಲೆಗಳಿಂದ ರಾಯನ ಕೀರ್ತಿಗೆ ಕುಂದೇನೂ ಬರಲಿಲ್ಲ. ನಮಗಂತೂ ಆ ಮುಖವು ಇದರಿಂದ ಹತ್ತಿರವಾದಂತೆಯೇ ತೋರುತ್ತದೆ.

ಪಯಸನು ಇಷ್ಟನ್ನು ಪಕ್ಷಪಾತವಿಲ್ಲದೆ ನೋಡಿದುದಕ್ಕೆ ಒಂದು ಕಾರಣವುಂಟು. ಅವನು ಬಂದುದು ಗೋವೆಯ ಕುದುರೆ ವ್ಯಾಪಾರಿಗಳ ಸಂಗಡ. ರಾಯನು ಕೊಳ್ಳುವ ಪ್ರಭು, ಅವರು ಮಾರುವವರು. ಆಳಲು ಬಂದವನಿಗಿರುವ ತಾತ್ಸಾರವು ಅವನ ಬರಹದಲ್ಲಿ ಕಾಣುವುದಿಲ್ಲ. ಈ ಸಂಬಂಧವು ತಿರುಗುಮುರುಗಾದ ಮೇಲೆ ಹುಟ್ಟಿದ ಗ್ರಂಥಗಳ ಬಣ್ಣವೇ ಬೇರೆ.

ಅವುಗಳಲ್ಲಿ ಪ್ರಮುಖವಾದೊಂದು ನಮ್ಮ ಮೈಸೂರು ಸೀಮೆಯೊಡನೆ ನಿಕಟ ಸಂಬಂಧವುಳ್ಳದ್ದು. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳು 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣವು ಪತನಹೊಂದಿದ ತರುವಾಯ ಅಲ್ಲಿಯ ಕ್ರೈಸ್ತರ ನಡುವೆ ನೆಲಸಿ, ದೇಶೀಯರ ಉಡುಪನ್ನು ಧರಿಸಿ, ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಅವರ ಹೆಸರಿನಲ್ಲಿರುವ ಗ್ರಂಥವು ಪಾಶ್ಚಾತ್ಯರಿಗೆ ನೂರು ವರ್ಷಗಳ ಕಾಲ ಪ್ರಮಾಣವಾಗಿತ್ತು. ಮೂವತ್ತೊಂದು ವರ್ಷ ಈ ನೆಲದಲ್ಲಿದ್ದವರನ್ನು ಪರಕೀಯರೆಂದು ಸುಲಭವಾಗಿ ತಳ್ಳುವಂತಿಲ್ಲ. ಆದರೆ ಆ ಗ್ರಂಥದ ಹಸ್ತಪ್ರತಿಯನ್ನು ಕೊಂಡವರು ಯಾರು? ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸನ ಮೂಲಕ ಅದು ಮದ್ರಾಸಿನ ಗವರ್ನರ್ ಬೆಂಟಿಂಕನಿಗೆ ತಲುಪಿ, 1807ರಲ್ಲಿ ಕಂಪನಿ ಸರಕಾರವು 2,000 ವರಹಗಳನ್ನು ಕೊಟ್ಟು ಅದನ್ನು ಪಡೆಯಿತು. ಆಳತಕ್ಕ ಪ್ರಜೆಗಳ ನಡೆನುಡಿಗಳನ್ನು ಅಧಿಕಾರಿಗಳು ಅರಿತಿರಲೆಂಬುದು ಅದರ ಉದ್ದೇಶ. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಲ್ವಿಯಾ ಮರ್ ಎಂಬ ಫ್ರೆಂಚ್ ವಿದುಷಿಯು ನಡೆಸಿದ ಸಂಶೋಧನೆಯಿಂದ, ಈ ಗ್ರಂಥದ ಬಹುಭಾಗವು ದುಬ್ವಾ ಅವರ ಸ್ವಂತದ್ದಲ್ಲವೆಂದೂ, ಅವರಿಗಿಂತ ಹಿಂದಿನವರಾದ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಗಳ ಬರಹದಿಂದ ಎತ್ತಿಕೊಂಡದ್ದೆಂದೂ ಸಿದ್ಧವಾಯಿತು. ಅದರ ವಿವರಗಳು 1987ರಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ಮೈಸೂರಿನ ಪ್ರತ್ಯಕ್ಷ ಸಾಕ್ಷ್ಯವೆಂದು ನಂಬಿದ್ದುದರಲ್ಲಿ ಎಷ್ಟೋ ಸಂಗತಿಗಳು ಹಿಂದಿನ ತಲೆಮಾರಿನ ಬೇರೊಬ್ಬರು ಬರೆದಿಟ್ಟವು! ಇದನ್ನು ಕಂಡುಹಿಡಿಯಲು ನೂರೆಪ್ಪತ್ತು ವರ್ಷ ಹಿಡಿಯಿತು. ಏಕೆಂದರೆ ಆ ಗ್ರಂಥವು ಯಾರನ್ನು ಕುರಿತದ್ದೋ ಆ ಜನರು ಅದನ್ನು ಓದಿ, ಈ ಪದ್ಧತಿ ನಮ್ಮ ಕಡೆಯದಲ್ಲ ಸ್ವಾಮಿ ಎಂದು ಹೇಳುವ ಅವಕಾಶವೇ ಇರಲಿಲ್ಲ. ಅದು ಶ್ರೀರಂಗಪಟ್ಟಣದ ಬೀದಿಯವರಿಗಾಗಿ ಬರೆದುದಲ್ಲ; ಲಂಡನ್ನಿನ ಕಚೇರಿಗಾಗಿ ಬರೆದುದು.

ನಮ್ಮ ವಿಚಾರದ ತಿರುಳು ಇದೇ ಆಗಿದೆ. ಗ್ರಂಥಕರ್ತನು ಎಲ್ಲಿ ಹುಟ್ಟಿದನೆಂದು ಕೇಳುವುದಕ್ಕಿಂತ, ಅವನು ಯಾರ ಎದುರಿನಲ್ಲಿ ನಿಂತು ಮಾತನಾಡುತ್ತಿರುವನೆಂದು ಕೇಳುವುದು ಮೇಲು. ಅವನು ಯಾರನ್ನು ವರ್ಣಿಸುವನೋ ಅವರ ಕಿವಿಗೆ ಆ ಮಾತು ಬೀಳುವುದೇ, ಅವರು ಬಾಯ್ದೆರೆದು ಎದುರು ಹೇಳಿದರೆ ಅವನು ಕೇಳಬೇಕಾದೀತೇ ಎಂಬುದನ್ನು ನೋಡಬೇಕು.

1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ ಎಂಬಾಕೆಯು ಪ್ರಕಟಿಸಿದ ಮದರ್ ಇಂಡಿಯಾ ಎಂಬ ಗ್ರಂಥವು ಎಬ್ಬಿಸಿದ ಬಿರುಗಾಳಿಯನ್ನು ಇಲ್ಲಿ ಸ್ಮರಿಸಬೇಕು. ಕೆಲವೇ ತಿಂಗಳ ಕಾಲ ಈ ದೇಶದಲ್ಲಿ ಸಂಚರಿಸಿ ಆಕೆಯು ಬಾಲ್ಯವಿವಾಹ, ಹೆರಿಗೆಯ ಕೋಣೆಯ ಕೊಳಕು, ಅಸ್ಪೃಶ್ಯತೆ ಮೊದಲಾದುವನ್ನು ಪೋಣಿಸಿ, ಇಂಥವರಿಗೆ ಸ್ವರಾಜ್ಯವು ಸಲ್ಲದೆಂಬ ತೀರ್ಪನ್ನು ಓದುಗನು ತಾನಾಗಿ ಕೊಡುವಂತೆ ಬರೆದಳು. ಫಿಲಿಪ್ಪೈನ್ ದ್ವೀಪಗಳ ಜನರು ಸ್ವಾತಂತ್ರ್ಯಕ್ಕೆ ಯೋಗ್ಯರಲ್ಲವೆಂದು ಆಕೆಯು 1925ರಲ್ಲಿಯೇ ಇನ್ನೊಂದು ಗ್ರಂಥದಲ್ಲಿ ವಾದಿಸಿದ್ದಳು. ಆದುದರಿಂದ ಭಾರತಕ್ಕೆ ಬರುವಾಗ ತೀರ್ಪು ಪೆಟ್ಟಿಗೆಯಲ್ಲಿಯೇ ಇತ್ತು. ರವೀಂದ್ರನಾಥ ಠಾಕೂರರು ಬಾಲ್ಯವಿವಾಹವನ್ನು ಸಮರ್ಥಿಸುವರೆಂದು ಅವರ ಲೇಖನವೊಂದನ್ನು ತಿರುಚಿ ತೋರಿಸಿದಳು. ಅವರು ಅದನ್ನು ಬಹಿರಂಗವಾಗಿ ಖಂಡಿಸಿದರು. ಮಹಾತ್ಮ ಗಾಂಧಿಯವರು 1927ರ ಸೆಪ್ಟೆಂಬರಿನಲ್ಲಿ ಯಂಗ್ ಇಂಡಿಯಾದಲ್ಲಿ ಇದನ್ನು ಚರಂಡಿ ತನಿಖೆಗಾರನ ವರದಿಯೆಂದು ಕರೆದುದು ಪ್ರಸಿದ್ಧವಾಗಿದೆ. ಅದೇ ಲೇಖನದಲ್ಲಿ ಅವರು, ಈ ಪುಸ್ತಕವನ್ನು ಭಾರತೀಯರು ಓದಿದರೆ ಪ್ರಯೋಜನವುಂಟೆಂದು ಹೇಳಿರುವುದನ್ನು ಮಾತ್ರ ಬಹು ಮಂದಿ ಮರೆತಿರುವರು. ಚರಂಡಿಯು ಇಲ್ಲವೆಂದು ಮಹಾತ್ಮರು ಹೇಳಲಿಲ್ಲ. ಅದನ್ನು ತೋಡುವವರು ನಾವೇ ಎಂಬುದು ಅವರ ಇಂಗಿತವಾಗಿತ್ತು.

ಆಗ ನಮ್ಮವರು ಬರೆದ ಉತ್ತರಗಳೂ ಹಲವು. ಲಾಲಾ ಲಜಪತರಾಯರು 1928ರಲ್ಲಿ ಅನ್‌ಹ್ಯಾಪಿ ಇಂಡಿಯಾ ಎಂಬ ಗ್ರಂಥವನ್ನು ಬರೆದು, ಅಮೆರಿಕದಲ್ಲಿ ಕರಿಯರನ್ನು ಜನರ ಗುಂಪುಗಳು ಹಿಡಿದು ಕೊಲ್ಲುತ್ತಿದ್ದ ಕ್ರೌರ್ಯವನ್ನು ಎತ್ತಿ ತೋರಿಸಿದರು. ಪೆಟ್ಟಿಗೆ ಪೆಟ್ಟು ಸರಿಯಾಗಿಯೇ ಬಿದ್ದಿತು. ಆದರೆ ಈ ಉತ್ತರಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ಮೇಯೋ ಬರೆದ ಓದುಗರಿಗಾಗಿಯೇ ಬರೆದುವು. ವಾದಿ ಪ್ರತಿವಾದಿಗಳಿಬ್ಬರೂ ಮೂರನೆಯವನ ಕಡೆಗೆ ಮುಖಮಾಡಿ ನಿಂತಿದ್ದರು. ಯಾವ ಹುಡುಗಿಯ ದುಃಖವನ್ನು ಕುರಿತು ಈ ವ್ಯಾಜ್ಯವೋ ಆಕೆಯು ಎರಡು ಪುಸ್ತಕಗಳನ್ನೂ ಓದಲಾರಳು.

ಆ ದುಃಖವನ್ನು ಕುರಿತು ಸ್ವಕೀಯರು ಮೌನವಾಗಿದ್ದರೆಂದು ಭಾವಿಸುವುದು ತಪ್ಪು. ಮೇಯೋಳ ಗ್ರಂಥಕ್ಕೆ 33 ವರ್ಷ ಮೊದಲು, 1894ರಲ್ಲಿ, ಮೈಸೂರು ಸಂಸ್ಥಾನವು ಶಿಶುವಿವಾಹ ನಿಷೇಧದ ಕಾಯಿದೆಯನ್ನು ತಂದು, ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ತಡೆಯಿತು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಯಿಂದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಹೊರಬಂದಿತು. ಪೋಲೀಸು ಅಧಿಕಾರಿಯಾಗಿದ್ದ ಗ್ರಂಥಕರ್ತರು ತಮ್ಮ ಸಾರಸ್ವತ ಸಮಾಜದ ಮನೆಯನ್ನೇ ಹೊಕ್ಕು, ಬಾಲವಿಧವೆಯೊಬ್ಬಳ ಬಾಳನ್ನೂ, ಸಂತರ ವೇಷದಲ್ಲಿ ಮನೆ ಸೇರಿದ ಕಪಟಿಗಳನ್ನೂ, ಆಕೆಯು ಓಡಿಹೋಗಿ ವಿದ್ಯೆ ಕಲಿತು ಪುನರ್ವಿವಾಹವಾಗುವುದನ್ನೂ ಬರೆದರು. ಈ ಕಾದಂಬರಿಯಲ್ಲಿ ನಿಂದೆಯು ಮೇಯೋಳದಕ್ಕಿಂತ ಮೃದುವಾಗಿದೆಯೆಂದು ಯಾರೂ ಹೇಳಲಾರರು. ಆದರೆ ಅದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿ, ಮಂಗಳೂರಿನವರಿಗೆ ತಿಳಿಯುವ ಕನ್ನಡದಲ್ಲಿ ಬರೆದು, ಮರುದಿನ ಅದೇ ಬೀದಿಯಲ್ಲಿ ನಡೆದಾಡಬೇಕಾಗಿದ್ದವರು ಅವರು. ಬಾಲ್ಯವಿವಾಹ ನಿರ್ಬಂಧಕ್ಕಾಗಿ ಹರಬಿಲಾಸ ಶಾರದಾ ಅವರ ಮಸೂದೆಯೂ ಮೇಯೋಳ ಗ್ರಂಥಕ್ಕಿಂತ ಮೊದಲೇ ಕೇಂದ್ರ ಶಾಸನಸಭೆಯ ಮುಂದೆ ಬಂದಿತ್ತು. ಅದು 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮೇಯೋ ಎಬ್ಬಿಸಿದ ಗದ್ದಲವು ಅದಕ್ಕೆ ವೇಗ ಕೊಟ್ಟಿತೆಂಬುದು ನಿಜ. ಆ ಗದ್ದಲವನ್ನು ಸಾಮ್ರಾಜ್ಯದ ಕೈಯಿಂದ ಕಿತ್ತುಕೊಂಡು ಸುಧಾರಣೆಯ ಕಡೆಗೆ ತಿರುಗಿಸಿದವರು ಭಾರತದ ಮಹಿಳಾ ಸಂಘಗಳವರೆಂದು ಮೃಣಾಲಿನಿ ಸಿನ್ಹಾ ಅವರು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಶದಪಡಿಸಿರುವರು.

ಇಲ್ಲಿ ಒಂದು ಆಕ್ಷೇಪವು ಬರಬಹುದು, ಬರಬೇಕು ಕೂಡ. ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಉಚ್ಚವರ್ಣದ ಹಿಂದೂ ಸ್ತ್ರೀಯರ ದುಃಸ್ಥಿತಿಯನ್ನು ಕುರಿತ ತಮ್ಮ ಗ್ರಂಥವನ್ನು 1887ರಲ್ಲಿ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ, ಅಮೆರಿಕದವರಿಗಾಗಿಯೇ ಪ್ರಕಟಿಸಿದರು. ಹಾಗಾದರೆ ನಮ್ಮ ಅಳತೆಗೋಲಿನಂತೆ ಅವರೂ ಮೇಯೋಳ ಸಾಲಿಗೆ ಸೇರುವರೇ? ಎಂದಿಗೂ ಇಲ್ಲ. ಆ ಪುಸ್ತಕದಿಂದಲೂ ಉಪನ್ಯಾಸಗಳಿಂದಲೂ ಕೂಡಿದ ಹಣವನ್ನು ತಂದು ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಹೇಳಿದ ಮಾತಿಗೆ ಹೇಳಲ್ಪಟ್ಟವರ ನಡುವೆಯೇ ನಿಂತು ಉತ್ತರವಾದಿಗಳಾದರು. ಆ ಉತ್ತರವಾದಿತ್ವವು ಸುಖದ್ದಾಗಿರಲಿಲ್ಲ. ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದ ಕಾರಣದಿಂದ, ಸದನದಲ್ಲಿ ಮತಾಂತರ ನಡೆಯುವುದೆಂದು ತಿಲಕರ ಕೇಸರಿಯು ಕಟುವಾಗಿ ಬರೆಯಿತು. 1893ರಲ್ಲಿ ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಶಾಸ್ತ್ರಗಳನ್ನು ಕಂಠಪಾಠ ಮಾಡಿ ಕಾಶ್ಮೀರದವರೆಗೆ ಕಾಲ್ನಡೆಯಲ್ಲಿ ದೇಶ ಸುತ್ತಿದ್ದ ಆ ವಿದುಷಿಯನ್ನು ನಮ್ಮ ಪತ್ರಿಕೆಗಳೇ ಪರಕೀಯಳನ್ನಾಗಿ ಮಾಡಿದುವು. ರಾಷ್ಟ್ರೀಯ ಪತ್ರಿಕೆಗಳ ಪರಂಪರೆಗೆ ಸೇರಿದ ನಾವು ಇದನ್ನು ಬರೆಯುವಾಗ ಸಂಕೋಚಪಡುವುದು ಸಹಜವೇ. ಅದೇ ರಮಾಬಾಯಿಯವರು 1889ರಲ್ಲಿ ಅಮೆರಿಕವನ್ನು ಕುರಿತು ಮರಾಠಿಯಲ್ಲಿ ಒಂದು ಗ್ರಂಥವನ್ನು ಬರೆದು, ಅಲ್ಲಿಯ ಸ್ತ್ರೀಯರ ಸಂಘಶಕ್ತಿಯನ್ನು ಮೆಚ್ಚಿ, ವರ್ಣದ್ವೇಷವನ್ನು ಖಂಡಿಸಿರುವರು. ಮೇಯೋಳಿಗಿಂತ ಮೂವತ್ತೆಂಟು ವರ್ಷ ಮೊದಲು ಭಾರತದ ಹೆಂಗಸೊಬ್ಬಳು ಅಮೆರಿಕವನ್ನು ನೋಡಿ ಬರೆದ ಚಿತ್ರವಿದು. ಅದನ್ನು ಎಷ್ಟು ಮಂದಿ ಓದಿರುವರು?

ಇನ್ನು ಪರಕೀಯರಾಗಿದ್ದು ಸ್ವಕೀಯರಿಗಾಗಿ ಬರೆದವರ ಮಾತು. ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲ ಪತ್ರಿಕೆ. ನಾವು ಇಂದು ನಡೆಸುವ ವೃತ್ತಿಯ ಮೂಲವು ಅಲ್ಲಿದೆ. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಇವರು ಮತಪ್ರಚಾರಕ್ಕೆ ಬಂದವರೆಂಬುದನ್ನು ನಾವು ಮರೆಮಾಚುವುದಿಲ್ಲ, ಆ ಪ್ರಚಾರವನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಕನ್ನಡದಲ್ಲಿ ಬರೆದವನ ತಪ್ಪನ್ನು ಕನ್ನಡಿಗನು ಹಿಡಿಯಬಲ್ಲನು. ಒಂದು ಶಬ್ದದ ಅರ್ಥವನ್ನು ತಪ್ಪಾಗಿ ಕೊಟ್ಟರೆ ಪಕ್ಕದಲ್ಲಿ ಕುಳಿತ ಪಂಡಿತನು ತಲೆಯಾಡಿಸುವನು. ದುಬ್ವಾ ಅವರ ಗ್ರಂಥಕ್ಕೆ ಇಲ್ಲದಿದ್ದ ಕಾವಲು ಕಿಟ್ಟೆಲರ ನಿಘಂಟಿಗೆ ಪ್ರತಿ ಪುಟದಲ್ಲಿಯೂ ಇತ್ತು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯು ಇನ್ನಷ್ಟು ತೊಡಕಾಯಿತು. ವಿ. ಎಸ್. ನೈಪಾಲರ ಹಿರಿಯರು ಉತ್ತರ ಭಾರತದಿಂದ ಟ್ರಿನಿಡಾಡಿಗೆ ಕರಾರಿನ ಕೂಲಿಗಳಾಗಿ ಹೋದವರು. ಪರಕೀಯರೆನ್ನಲು ಹೆಸರು ಅಡ್ಡಬರುವುದು, ಸ್ವಕೀಯರೆನ್ನಲು ಬರಹ ಅಡ್ಡಬರುವುದು. 1964ರಲ್ಲಿ ಅವರು ಪ್ರಕಟಿಸಿದ ಭಾರತದ ಪ್ರವಾಸಗ್ರಂಥಕ್ಕೆ ಮುಂಬಯಿಯ ಕವಿ ನಿಸಿಮ್ ಎಜಕಿಯೆಲರು ಬರೆದ ಉತ್ತರವು ನಮಗೆ ಬಹಳ ಹಿಡಿಸುತ್ತದೆ. ನೈಪಾಲರು ಕಂಡ ಕೊಳಕನ್ನು ಅವರು ಅಲ್ಲಗಳೆಯುವುದಿಲ್ಲ. ಆ ಕೊಳಕಿನ ನಡುವೆ ಬದುಕುವವರೊಡನೆ ತಾನು ಬದುಕುವೆನೆಂಬ ನೆಲೆಯಿಂದ ವಾದಿಸುತ್ತಾರೆ. ಯೆಹೂದ್ಯರಾದ ಎಜಕಿಯೆಲರು ಭಾರತವನ್ನು ತಮ್ಮದೆನ್ನುತ್ತಾರೆ, ಹಿಂದೂ ಮನೆತನದ ನೈಪಾಲರು ದೂರ ನಿಲ್ಲುತ್ತಾರೆ. ಹುಟ್ಟಿನಿಂದ ಒಳಗು ಹೊರಗುಗಳನ್ನು ನಿರ್ಣಯಿಸುವವರು ಇದಕ್ಕೆ ಏನು ಹೇಳುವರೋ ತಿಳಿಯದು.

1977ರ ಗ್ರಂಥದಲ್ಲಿ ನೈಪಾಲರು ನಮ್ಮ ಅನಂತಮೂರ್ತಿಯವರ ಸಂಸ್ಕಾರವನ್ನು ಕೈಗೆತ್ತಿಕೊಂಡರು. 1965ರಲ್ಲಿ ಬಂದ ಆ ಕಾದಂಬರಿಯೂ, 1970ರಲ್ಲಿ ಅದರಿಂದ ತಯಾರಾದ ಚಲನಚಿತ್ರವೂ ಕರ್ನಾಟಕದಲ್ಲಿ ಎಬ್ಬಿಸಿದ ವಿವಾದವು ವಾಚಕರಿಗೆ ಗೊತ್ತೇ ಇದೆ. ಚಿತ್ರವನ್ನು ಮೊದಲು ತಡೆಹಿಡಿದಿದ್ದರು. ಬಳಿಕ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಪದಕವೂ ಬಂದಿತು. ಕನ್ನಡ ಓದುಗನಿಗೆ ಪ್ರಾಣೇಶಾಚಾರ್ಯರು ಪರಿಚಿತ ಅಗ್ರಹಾರದ ಪರಿಚಿತ ಆಚಾರ್ಯರು. ಅವರೊಡನೆ ಜಗಳವಾಡಬಹುದು, ಕೃತಿಕಾರರೊಡನೆಯೂ ಜಗಳವಾಡಬಹುದು, ಮಠಗಳವರು ಆಡಿದರು ಕೂಡ. ನೈಪಾಲರ ಪುಟಗಳಲ್ಲಿ ಅದೇ ಆಚಾರ್ಯರು ಒಂದು ಇಡೀ ನಾಗರಿಕತೆಯ ರೋಗಲಕ್ಷಣವಾಗಿಬಿಟ್ಟರು. ಮನೆಯೊಳಗಿನ ಜಗಳದ ಮಾತನ್ನು ಬೀದಿಯವನು ಸಾಕ್ಷಿಯಾಗಿ ಬರೆದುಕೊಂಡಂತಾಯಿತು. ಅವರ ಓದು ಚುರುಕಾದುದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಪ್ರಾಣೇಶಾಚಾರ್ಯರ ಎದುರು ನಾರಣಪ್ಪನನ್ನು ನಿಲ್ಲಿಸಿದ ಕೈಯೂ ಅದೇ ನಾಗರಿಕತೆಯದೆಂಬ ಸಂಗತಿಗೆ ಅವರ ಲೆಕ್ಕದಲ್ಲಿ ಸ್ಥಳ ದೊರೆಯಲಿಲ್ಲ. 1990ರ ಮೂರನೆಯ ಗ್ರಂಥದಲ್ಲಿ ಅವರು ರೀತಿಯನ್ನು ಬದಲಿಸಿ, ತಾವು ಹಿಂದೆ ಸರಿದು, ಬೆಂಗಳೂರು ಮೈಸೂರಿನವರನ್ನೂ ಒಳಗೊಂಡು ಭಾರತೀಯರನ್ನು ಉದ್ದಕ್ಕೂ ಮಾತನಾಡಗೊಟ್ಟರು. ಮೂರರಲ್ಲಿ ಅದೇ ಹೆಚ್ಚು ನಂಬತಕ್ಕದ್ದೆಂದು ನಮ್ಮ ಅಭಿಪ್ರಾಯ.

ಆದರೆ ಪರದೇಶದವರ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ತೆಗೆಯುವ ನಾವು ನಮ್ಮ ನಾಡಿನೊಳಗಿನ ಗಡಿಯನ್ನು ಗಮನಿಸದೆ ಹೋಗುವಂತಿಲ್ಲ. 1933ರಲ್ಲಿ ಶಿವರಾಮ ಕಾರಂತರ ಚೋಮನದುಡಿ ಬಂದಾಗ, ಹೊಲದ ಒಡೆತನವನ್ನು ಬಯಸಿದ ಹೊಲೆಯನೊಬ್ಬನ ಬಾಳು ಕನ್ನಡ ಕಾದಂಬರಿಗೆ ಮೊದಲ ಬಾರಿಗೆ ಕೇಂದ್ರವಾಯಿತು. ಅದರ ಕರುಣೆಯೂ ಸತ್ಯವೂ ಪ್ರಶ್ನಾತೀತ. ಆದರೂ ಅದನ್ನು ಬರೆದವರು ಕೋಟದ ಬ್ರಾಹ್ಮಣ ಮನೆತನದವರು, ಓದಿದವರು ಅಕ್ಷರ ಬಲ್ಲವರು. ಚೋಮನು ಅದನ್ನು ಓದಲಾರನು. ನಮ್ಮ ಅಳತೆಗೋಲನ್ನು ಪ್ರಾಮಾಣಿಕವಾಗಿ ಹಿಡಿದರೆ ಕಾರಂತರೂ ಅಲ್ಲಿ ಒಬ್ಬ ಪಯಸ್. ಕಣ್ಣು ತೆರೆದು ನೋಡಿದ, ಸುಳ್ಳು ಬರೆಯದ, ಆದರೆ ಮರಳಿ ತನ್ನವರಿಗೆ ಹೇಳಿದ ಪ್ರವಾಸಿ. ಕೇರಿಯವರೇ ಲೇಖನಿ ಹಿಡಿಯಲು ಇನ್ನೂ ನಾಲ್ಕು ದಶಕಗಳು ಬೇಕಾದುವು. 1975ರಲ್ಲಿ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಬಂದಿತು. ಮುಂದೆ ಅವರು ತಮ್ಮ ಆತ್ಮಕಥೆಗೆ ಊರುಕೇರಿ ಎಂದು ಹೆಸರಿಟ್ಟರು. ಊರು ಬೇರೆ, ಕೇರಿ ಬೇರೆ ಎಂಬುದನ್ನು ಪ್ರತಿಯೊಬ್ಬ ಹಳ್ಳಿಗನೂ ಬಲ್ಲನು. ನಾಡು ಎಂಬ ಶಬ್ದವನ್ನು ಬರೆಯುವಾಗ ನಾವು ಮಾತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ.

1990ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ದೇವನೂರ ಮಹಾದೇವರ ಕುಸುಮಬಾಲೆಯು ನಂಜನಗೂಡಿನ ಸೀಮೆಯ ಕೇರಿಯ ಆಡುನುಡಿಯಲ್ಲಿದೆ. ಗ್ರಂಥಕರ್ತರು ಅದನ್ನು ಪೇಟೆಯ ಕನ್ನಡಕ್ಕೆ ಇಳಿಸಿಕೊಡಲಿಲ್ಲ, ಅಡಿಟಿಪ್ಪಣಿಗಳ ಊರುಗೋಲನ್ನೂ ಒದಗಿಸಲಿಲ್ಲ. ಹಳಗನ್ನಡದ ಪಂಡಿತರಾದ ಎಲ್. ಬಸವರಾಜು ಅವರು ಅದರ ವಾಕ್ಯಗಳನ್ನು ಪದ್ಯದ ಸಾಲುಗಳಂತೆ ಬಿಡಿಸಿ ಬರೆದು ಮತ್ತೊಂದು ರೂಪದಲ್ಲಿ ಹೊರತಂದರು. ಪಂಪನನ್ನು ಓದಿಸುವ ಶ್ರದ್ಧೆಯಿಂದ ಅದನ್ನು ಓದಿಸಬೇಕಾಯಿತು. ಧಾರವಾಡದ, ಮಂಗಳೂರಿನ, ಬೆಂಗಳೂರಿನ ಸುಶಿಕ್ಷಿತ ಓದುಗರು ತಮ್ಮದೇ ಭಾಷೆಯ ನೂರು ಪುಟಗಳಿಗಿಂತ ಹೆಚ್ಚಿಲ್ಲದ ಪುಸ್ತಕವೊಂದರ ಮುಂದೆ, ಅರ್ಥ ಕೇಳಿಕೊಂಡು ಓದುವ ಪರದೇಶಿಗಳಂತೆ ಕುಳಿತರು.